ಕ್ಯಾನರಿ ವಾರ್ಫ್‌ನಲ್ಲಿ ಒಂದು ಸಂಜೆ: ಅಪ್ಪ ಅಮ್ಮನನ್ನು ಕರೆದೊಯ್ಯಬಹುದೇ?

ಕುಕ್ಕರಹಳ್ಳಿ:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ನನ್ನ ತಂದೆ ತಾಯಿ ಮೈಸೂರಿನಿಂದ ಲಂಡನ್ನಿಗೆ ಬರುತ್ತಿದ್ದಾರೆ. ನಾನು ಕೆಲಸ ಮಾಡುವ, ಪೂರ್ವ ಲಂಡನ್ನಿನ ಗಗನಚುಂಬಿ ಕಚೇರಿಗಳ ಬಡಾವಣೆಯಾದ ಕ್ಯಾನರಿ ವಾರ್ಫನ್ನು ನೋಡಲೇಬೇಕೆಂದು ಅಪ್ಪ ಹಟ ಹಿಡಿದಿದ್ದಾರೆ. ಕೆಲಸ ಮುಗಿದೊಡನೆ ರೈಲು ಹಿಡಿಯುವ ನನಗೆ ಅಲ್ಲಿನ ಸಂಜೆಗಳ ಪರಿಚಯವೇ ಇಲ್ಲ. ಅಂಗಡಿಗಳನ್ನು ಸುತ್ತಿ, ಸಸ್ಯಾಹಾರದ ಊಟ ಮುಗಿಸಿ, ಮಂಡಿನೋವಿರುವ ಅಮ್ಮನಿಗೂ ಆಯಾಸವಾಗದಂತೆ ಅಲ್ಲಿ ಸಮಯ ಕಳೆಯಬಹುದೇ? ಭಾನುವಾರ ಹೋದರೆ ಹೇಗೆ?

ಪೂರ್ವದಂಡೆ:
ಭಾನುವಾರ ಬೇಡ. 1994ರ ಕಾಯ್ದೆಯಂತೆ ಇಂಗ್ಲೆಂಡಿನ ದೊಡ್ಡ ಅಂಗಡಿಗಳು ಆ ದಿನ ಆರು ಗಂಟೆ ಮಾತ್ರ ತೆರೆದಿರಬಹುದಾದ್ದರಿಂದ, ನೀವು ಹೊರಡುವ ಹೊತ್ತಿಗೆ ಅವು ಬಾಗಿಲು ಹಾಕುತ್ತಿರುತ್ತವೆ. ಗುರುವಾರ ಸಂಜೆ ಹೋಗಿ. ಕಚೇರಿಯವರು ನೀರಿನಂಚಿನ ಪಬ್ಬುಗಳಿಗೆ ಇಳಿದು ಬಂದಾಗಲೇ ಆ ಜಾಗಕ್ಕೆ ಕಳೆ ಬರುವುದು. ಗೋಪುರಗಳ ಕೆಳಗೆ ನೆಲದಡಿಯಲ್ಲಿ ಹಬ್ಬಿರುವ ಮಾಲ್‌ಗಳು ಮಳೆ ಬಂದಾಗ ಅನುಕೂಲವೇ ಹೊರತು, ಅಲ್ಲಿರುವ ಬಹುತೇಕ ಬ್ರ್ಯಾಂಡುಗಳು ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲೂ ಸಿಗುತ್ತವೆ. ನನ್ನನ್ನು ಕೇಳಿದರೆ, 2022ರಲ್ಲಿ ಆರಂಭವಾದ ಎಲಿಜಬೆತ್ ರೈಲು ಮಾರ್ಗದಲ್ಲಿ ಬಂದು, ಲಿಫ್ಟ್ ಹತ್ತಿ ನಿಲ್ದಾಣದ ಮೇಲಿರುವ ತೋಟಕ್ಕೆ ಮೊದಲು ಹೋಗಿ. ಭೂಮಿಯನ್ನು ಪೂರ್ವ, ಪಶ್ಚಿಮ ಗೋಳಗಳಾಗಿ ವಿಭಾಗಿಸುವ ಗ್ರೀನಿಚ್ ರೇಖಾಂಶ ಹತ್ತಿರದಲ್ಲೇ ಹಾದುಹೋಗುವುದರಿಂದ ಒಂದು ಬದಿಯಲ್ಲಿ ಬಿದಿರಿನಂಥ ಪೂರ್ವಗೋಳದ ಗಿಡಗಳನ್ನೂ ಇನ್ನೊಂದು ಬದಿಯಲ್ಲಿ ಅಮೆರಿಕ ಖಂಡಗಳ ಗಿಡಗಳನ್ನೂ ಬೆಳೆಸಿದ್ದಾರೆ. ಅಲ್ಲಿ ಕೂರಲು ದುಡ್ಡು ಕೊಡಬೇಕಾಗಿಲ್ಲ, ಇದು ಲಂಡನ್ನಿನಲ್ಲಿ ಸಣ್ಣ ಮಾತಲ್ಲ.

ಹಳೆಯ ಬಂದರು:
ಗುರುವಾರವೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆ ಗದ್ದಲದಲ್ಲಿ ಮುಂಗಡ ಕಾಯ್ದಿರಿಸದೆ ಹಿರಿಯರಿಗೆ ಕೂರಲು ಮೇಜು ಸಿಗುವುದು ಕಷ್ಟ, ಬುಧವಾರ ವಾಸಿ. ಮೇಲಾಗಿ, ಸ್ವಲ್ಪ ಬೇಗ ಹೊರಟರೆ ಕಾಲ್ಸೇತುವೆ ದಾಟಿ ವೆಸ್ಟ್ ಇಂಡಿಯಾ ಕೀಯಲ್ಲಿರುವ ಡಾಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯವನ್ನು ನೋಡಬಹುದು. ಪ್ರವೇಶ ಉಚಿತ, ಆದರೆ ಸಂಜೆ ಐದಕ್ಕೆ ಮುಚ್ಚುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ಇಳಿಸಲು 1802ರಲ್ಲಿ ತೆರೆದ ಹಡಗುಕಟ್ಟೆಯ ಉಗ್ರಾಣವೇ ಆ ಕಟ್ಟಡ. 1980ರಲ್ಲಿ ಕಟ್ಟೆ ಮುಚ್ಚಿತು. ಹನ್ನೊಂದೇ ವರ್ಷಗಳಲ್ಲಿ ಅದರ ಎದುರಿಗೆ ಐವತ್ತು ಅಂತಸ್ತುಗಳ ಒನ್ ಕೆನಡಾ ಸ್ಕ್ವೇರ್ ಎದ್ದು ನಿಂತಿತು. ಇದನ್ನು ತಿಳಿದು ಅಡ್ಡಾಡಿದರೆ ನಡುನಡುವೆ ಇಷ್ಟೊಂದು ನೀರು ಏಕಿದೆಯೆಂಬುದು ಅರ್ಥವಾಗುತ್ತದೆ. ಆ ಗೋಪುರದ ಮೇಲೆ ಸಾರ್ವಜನಿಕರಿಗೆ ವೀಕ್ಷಣಾ ಮಹಡಿಯಿಲ್ಲವೆಂದು ನಿಮ್ಮ ತಂದೆಯವರಿಗೆ ಮೊದಲೇ ತಿಳಿಸಿಬಿಡಿ. ಅಂದಹಾಗೆ, ಅವರಿಗೆ ಬೇಕಿರುವುದು ಅಂಗಡಿಯಲ್ಲ, ತಮ್ಮ ಮಗು ದುಡಿಯುವ ಜಾಗ. ನಿಮ್ಮ ಕಚೇರಿಯ ಕಟ್ಟಡವನ್ನು ಹೊರಗಿನಿಂದಾದರೂ ತೋರಿಸಿ.

ಸಾರು ಅನ್ನ:
ಊಟದ ವಿಷಯ ಮಾತ್ರ ಹೇಳುತ್ತೇನೆ. ಕ್ಯಾನರಿ ವಾರ್ಫ್‌ನದೇ ಭಾಗವಾದ ವುಡ್ ವಾರ್ಫ್‌ನಲ್ಲಿರುವ ದಿಶೂಮ್, ಮುಂಬೈನ ಇರಾನಿ ಕೆಫೆಗಳ ಮಾದರಿಯದು. ಸಸ್ಯಾಹಾರಿ ತಿನಿಸುಗಳು ಸಾಕಷ್ಟಿವೆ. ಅಮ್ಮನಿಗೆ ದೋಸೆಯೇ ಬೇಕೆಂದರೆ, ಜೂಬಿಲಿ ಮಾರ್ಗದಲ್ಲಿ ವೆಸ್ಟ್ ಹ್ಯಾಮ್‌ಗೆ ಹೋಗಿ, ಡಿಸ್ಟ್ರಿಕ್ಟ್ ಮಾರ್ಗದ ರೈಲು ಹತ್ತಿ ಈಸ್ಟ್ ಹ್ಯಾಮ್‌ನಲ್ಲಿ ಇಳಿಯಿರಿ. ಅಲ್ಲಿ ದಕ್ಷಿಣ ಭಾರತದ ಹೋಟೆಲುಗಳಿಗೆ ಬರವಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಅವಸರ ಬೇಡ.

ಕುಕ್ಕರಹಳ್ಳಿ:
ಎಲ್ಲರಿಗೂ ಧನ್ಯವಾದಗಳು. ಬುಧವಾರವೆಂದು ನಿಶ್ಚಯಿಸಿದ್ದೇನೆ. ಎಲಿಜಬೆತ್ ಮಾರ್ಗದಲ್ಲಿ ಅಮ್ಮ ಮೆಟ್ಟಿಲು ಹತ್ತಬೇಕಾಗುವುದೇ?

ಪೂರ್ವದಂಡೆ:
ಇಲ್ಲ. ಆ ಮಾರ್ಗದ ಎಲ್ಲ ನಿಲ್ದಾಣಗಳಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮಿನವರೆಗೆ ಮೆಟ್ಟಿಲಿಲ್ಲದೆ ಹೋಗಬಹುದು. ಹಿಂದಿರುಗುವಾಗ ವೆಸ್ಟ್‌ಮಿನ್‌ಸ್ಟರ್ ಕಡೆಯ ದೋಣಿ ಹಿಡಿದರೆ ಟವರ್ ಬ್ರಿಡ್ಜ್ ಕೆಳಗೆ ಹಾದು ಹೋಗುತ್ತೀರಿ. ಕೊನೆಯ ದೋಣಿಯ ವೇಳೆಯನ್ನು ಮಾತ್ರ ಅದೇ ದಿನ ನೋಡಿಕೊಳ್ಳಿ.