ಅಪ್‌ಡೇಟ್: ಹಾಟ್ ಟಬ್ ನೊರೆ ನಿಂತಿತು

ಎಷ್ಟು ಕ್ಲೋರಿನ್ ಹಾಕಿದರೂ ಟಬ್ ನೀರು ಮಬ್ಬಾಗಿಯೇ ಇದೆ, ಜೆಟ್ (ನೀರು ಚಿಮ್ಮಿಸುವ ಬಾಯಿಗಳು) ಹಾಕಿದರೆ ನೊರೆ ಏಳುತ್ತೆ ಅಂತ ಕೇಳಿದ್ದೆ ಅಲ್ವಾ? "ಮೊದಲು ಪಿಎಚ್ ನೋಡಿ, ಆಮೇಲೆ ಫಿಲ್ಟರ್ ಬಿಚ್ಚಿ" ಅಂದವರಿಗೆ ತುಂಬಾ ಥ್ಯಾಂಕ್ಸ್.

ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 8.2 ಇತ್ತು. ಅಷ್ಟಿದ್ದರೆ ಕ್ಲೋರಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಪಿಎಚ್ ಇಳಿಸುವ ಪುಡಿ ಹಾಕಿ 7.4ಕ್ಕೆ ತಂದೆ.

ಫಿಲ್ಟರ್ ನೋಡಿ ಗಾಬರಿಯಾಯಿತು. ಮಡಿಕೆಗಳ ನಡುವೆ ಬೂದು ಬಣ್ಣದ ಲೋಳೆ, ಮೂಸಿದರೆ ಕೊಬ್ಬರಿ ಎಣ್ಣೆ ವಾಸನೆ! ನಮ್ಮ ತಲೆ ಎಣ್ಣೆ, ಮೈಗೆ ಹಚ್ಚಿದ ಸೋಪು ಎಲ್ಲಾ ಅಲ್ಲೇ ಕೂತಿತ್ತು. ಫಿಲ್ಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಒಂದೊಂದೇ ಮಡಿಕೆ ಬಿಡಿಸಿ ಪೈಪ್ ನೀರಲ್ಲಿ ತೊಳೆದೆ. ಟಬ್ಬಿನ ಒಳಪೈಪುಗಳಲ್ಲೂ ಅದೇ ಲೋಳೆ ಇರುತ್ತೆ. ಅದಕ್ಕೆ ಪೈಪ್ ಕ್ಲೀನರ್ ಹಾಕಿ ಜೆಟ್ ಓಡಿಸಿ, ನೀರು ಪೂರ್ತಿ ಖಾಲಿ ಮಾಡಿದೆ.

ದಾವಣಗೆರೆಯವರಿಗೆ ಒಂದು ಮಾತು. ನಮ್ಮ ಬೋರ್ ನೀರು ಗಡುಸು, ಜೆಟ್ ಬಾಯಿಗೆಲ್ಲ ಬಿಳಿ ಉಪ್ಪು ಕಟ್ಟಿತ್ತು. ಈ ಸಲ ನಲ್ಲಿ ನೀರು ತುಂಬಿಸಿದೆ.

ಈಗ ಕ್ಲೋರಿನ್ 3 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ನೀರಿಗೆ 3 ಪಾಲು) ಕಡಿಮೆಯಾಗದಂತೆ, ಬಿಸಿ 40 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತೇನೆ. ಯಾರೇ ಇಳಿದರೂ ಮೊದಲು ಮೈ ತೊಳೆದುಕೊಳ್ಳಲೇಬೇಕು, ನೆಂಟರಾದರೂ ಅಷ್ಟೇ. ಸುಮ್ನೆ ಕ್ಲೋರಿನ್ ಸುರಿಯುವುದಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿದೆ. ಮುಚ್ಚಳದ ಒಳಮೈಯ ಮುಗ್ಗಲು ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಅದಕ್ಕೇನು ಹಚ್ಚಬೇಕು, ಗೊತ್ತಿದ್ದವರು ಹೇಳಿ.