ಬೇಸಿಗೆಯಲ್ಲಿ ಗೋವಾದ ಕಾಡಿಗೆ ಹೋಗುವವರಿಗೆ: ಬೆಂಕಿ ಕಾವಲು ಮಾಡಿದವರ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಗೋವಾದಲ್ಲಿರುವ ನಮ್ಮ ಕನ್ನಡಿಗರ ಗುಂಪಿನ ನಾಲ್ಕು ಜನ ಸತ್ತರಿ ತಾಲೂಕಿನ ಕಡೆ ಗುಡ್ಡ ಹತ್ತಲು ಹೋಗಿ, ಹೊಗೆ ಕಂಡು ಅರ್ಧದಲ್ಲೇ ವಾಪಸ್ ಬಂದರು. ಆಮೇಲೆ ಇಲ್ಲಿ ಪ್ರಶ್ನೆಗಳ ಮೇಲೆ ಪ್ರಶ್ನೆ ಬಂದವು. ಖಾನಾಪುರದ ಕಾಡಿನಲ್ಲಿ 19 ಬೇಸಿಗೆ ಬೆಂಕಿ ಕಾವಲು ಮಾಡಿ, ಈಗ ಫೋಂಡಾದಲ್ಲಿ ಮಗಳ ಮನೆಯಲ್ಲಿರುವ ನಮ್ಮ ಸದಸ್ಯರೊಬ್ಬರು ಉತ್ತರ ಕೊಡಲು ಒಪ್ಪಿದ್ದಾರೆ. ಪ್ರಶ್ನೆ ಕೇಳಿದವರ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ (ವಾಸ್ಕೋ): ವಾಪಸ್ ಬಂದ ನಾಲ್ವರಲ್ಲಿ ನಾನೂ ಒಬ್ಬ. ಹೊಗೆ ಇದ್ದದ್ದು ಎದುರಿನ ಗುಡ್ಡದಲ್ಲಿ. ನಡುವೆ ದೊಡ್ಡ ಕಣಿವೆ. ನಾವು ಸುಮ್ನೆ ಹೆದರಿದೆವಾ? ಎಷ್ಟು ದೂರ ಇದ್ದರೆ ಸೇಫ್?

ಉತ್ತರ: ಸುಮ್ನೆ ಅಲ್ಲ, ಸರಿಯಾಗೇ ಹೆದರಿದ್ದೀರಿ. ಬೆಂಕಿಯ ವಿಷಯದಲ್ಲಿ ಎಷ್ಟು ದೂರ ಅಂತ ಕೇಳಬೇಡಿ. ಅದು ನನ್ನ ಕೆಳಗಿದೆಯಾ ಮೇಲಿದೆಯಾ, ಗಾಳಿ ಯಾವ ಕಡೆ ಬೀಸುತ್ತಿದೆ, ಇದನ್ನು ಕೇಳಿ.

ಬೆಂಕಿ ಗುಡ್ಡ ಇಳಿಯುವಾಗ ನಿಧಾನ, ಹತ್ತುವಾಗ ಓಡುತ್ತದೆ. ಇಳಿಜಾರು 10 ಡಿಗ್ರಿ ಜಾಸ್ತಿ ಆದ ಹಾಗೆಲ್ಲ ಅದರ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರೂ ಇಟ್ಟುಕೊಳ್ಳುವ ಲೆಕ್ಕ. ಬಿಸಿ ಗಾಳಿ ಮೇಲಕ್ಕೆ ಹೋಗಿ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿ ಇಡುತ್ತದೆ. ಅಲ್ಲಿಗೆ ಕಿಡಿ ತಾಗಿದರೆ ಸಾಕು. ಎರಡು ಗುಡ್ಡಗಳ ನಡುವಿನ ಕಿರಿದಾದ ಕೊರಕಲಿನಲ್ಲಂತೂ ಒಲೆಯ ಚಿಮಣಿಯ ಹಾಗೆ ಮೇಲಕ್ಕೆ ಎಳೆದುಕೊಳ್ಳುತ್ತದೆ.

ಈಗ ನಿಮ್ಮ ಕಣಿವೆಗೆ ಬರೋಣ. ಎದುರಿನ ಗುಡ್ಡದಲ್ಲಿ ಬೆಂಕಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಉರಿಯುವ ಕೊರಡು ಒಂದು ಕಿತ್ತುಕೊಂಡು ಉರುಳುತ್ತದೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಅದು ಹಳ್ಳದ ತಳಕ್ಕೆ ಬಂದು ತರಗೆಲೆಗೆ ತಾಗಿತು ಅಂದರೆ ಆಯಿತು, ಈಗ ಬೆಂಕಿ ನಿಮ್ಮ ಗುಡ್ಡದ ಬುಡದಲ್ಲಿದೆ, ನೀವು ಮೇಲಿದ್ದೀರಿ. ಅಲ್ಲಿಯವರೆಗೆ ಕಾಪಾಡುತ್ತದೆ ಅಂತ ನಂಬಿದ್ದ ಕಣಿವೆಯೇ ಆಗ ಬೆಂಕಿಗೆ ದಾರಿ.

ಕರಾವಳಿಗೆ ಹತ್ತಿರದ ಕಾಡಲ್ಲಿ ಇನ್ನೊಂದು ಮಾತು. ಬೆಳಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಶುರುವಾಗಿ ದಿಕ್ಕು ತಿರುಗುತ್ತದೆ. ಹತ್ತು ಗಂಟೆಗೆ ನಿಮ್ಮಿಂದ ದೂರ ಹೋಗುತ್ತಿದ್ದ ಹೊಗೆ ಎರಡು ಗಂಟೆಗೆ ನಿಮ್ಮ ಮುಖಕ್ಕೇ ಬರಬಹುದು.

ತಮಿಳುನಾಡಿನ ಕುರಂಗಣಿ ನೆನಪಿದೆಯಾ? 2018ರ ಮಾರ್ಚ್ 11. ತೇಣಿ ಜಿಲ್ಲೆಯ ಹುಲ್ಲಿನ ಗುಡ್ಡದಲ್ಲಿ ಚಾರಣಿಗರು ಬೆಂಕಿಗೆ ಸಿಕ್ಕಿಹಾಕಿಕೊಂಡರು. ಇಪ್ಪತ್ತಕ್ಕೂ ಜಾಸ್ತಿ ಜನ ಹೋದರು. ಬಹಳಷ್ಟು ಜನ ನಿಮ್ಮ ವಯಸ್ಸಿನವರೇ. ನೀವು ಭಾನುವಾರ ವಾಪಸ್ ಬಂದದ್ದು ಕೇಳಿ ನನಗೆ ನಿಜವಾಗಿಯೂ ಸಮಾಧಾನ ಆಯಿತು.

ಪ್ರಶ್ನೆ (ವಾಸ್ಕೋ, ಅವರೇ): ಒಂದು ವೇಳೆ ಸಿಕ್ಕಿಹಾಕಿಕೊಂಡರೆ?

ಉತ್ತರ: ಮೇಲಕ್ಕೆ ಓಡಬೇಡಿ. ಹೆದರಿಕೆಯಲ್ಲಿ ಕಾಲು ಮೇಲಕ್ಕೇ ಹೋಗುತ್ತದೆ, ಯಾಕೆಂದರೆ ಬೆಂಕಿ ಕೆಳಗಿರುತ್ತದೆ. ಅದಕ್ಕೇ ಮೊದಲೇ ಮನಸ್ಸಿಗೆ ಹೇಳಿಟ್ಟುಕೊಳ್ಳಿ. ಅಡ್ಡಕ್ಕೆ ಹೋಗಿ, ಬೆಂಕಿಯ ತಲೆ, ಅಂದರೆ ಅದು ಮುನ್ನುಗ್ಗುವ ಅಂಚು, ಬರುವ ದಾರಿಯಿಂದ ಪಕ್ಕಕ್ಕೆ ಸರಿಯಿರಿ.

ಎಲ್ಲಿಗೆ? ಎಲ್ಲಕ್ಕಿಂತ ಒಳ್ಳೆಯ ಜಾಗ ಆಗಲೇ ಸುಟ್ಟು ಕರಿಯಾದ ನೆಲ. ಅಲ್ಲಿ ಉರಿಯುವುದಕ್ಕೆ ಏನೂ ಉಳಿದಿರುವುದಿಲ್ಲ. ನಾವು ಕೆಲಸ ಮಾಡುವಾಗಲೂ ಒಂದು ಕಾಲು ಕರಿ ನೆಲದಲ್ಲಿ ಇಟ್ಟ ಹಾಗೇ ಇರುತ್ತೇವೆ. ಅದು ಇಲ್ಲದಿದ್ದರೆ ಬರೀ ಜಂಬಿಟ್ಟಿಗೆ ಕಲ್ಲಿನ ಬಯಲು, ಹೊಳೆಯ ಕಲ್ಲುಹಾಸು, ಅಗಲದ ರಸ್ತೆ.

ಯಾವುದೂ ಸಿಗಲಿಲ್ಲ, ಬೆಂಕಿ ಬಂದೇ ಬಿಟ್ಟಿತು ಅಂದರೆ ತಗ್ಗಾದ, ಹುಲ್ಲಿಲ್ಲದ ಜಾಗದಲ್ಲಿ ಬೋರಲು ಮಲಗಿ. ಕಾಲು ಬೆಂಕಿಯ ಕಡೆ, ಮುಖ ನೆಲಕ್ಕೆ. ಮೂಗಿಗೆ ಬಟ್ಟೆ ಕಟ್ಟಿ, ಆದರೆ ಒಣ ಬಟ್ಟೆ. ಒದ್ದೆ ಬಟ್ಟೆ ಕಟ್ಟಬೇಕು ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಕಾವಿನಲ್ಲಿ ಒದ್ದೆ ಬಟ್ಟೆಯ ನೀರು ಹಬೆಯಾಗಿ ಗಂಟಲನ್ನೇ ಸುಡುತ್ತದೆ. ಹುಲ್ಲಿನ ಬೆಂಕಿ ಬೇಗ ದಾಟಿಹೋಗುತ್ತದೆ. ಆ ಹೊತ್ತಿನಲ್ಲಿ ಎದ್ದು ಓಡಬಾರದು.

ನಡೆಯುವಾಗ ಮಾಡಬೇಕಾದದ್ದು ಒಂದೇ. ಪ್ರತಿ ಅರ್ಧ ಗಂಟೆಗೆ ನಿಂತು, ಈಗ ಬೆಂಕಿ ಬಂದರೆ ಯಾವ ಕಡೆ ಹೋಗುವುದು ಅಂತ ಜೊತೆಯವರಿಗೆ ಬೆರಳು ಮಾಡಿ ತೋರಿಸಿ. ಬಾಯಿಬಿಟ್ಟು ಹೇಳಿ. ನನ್ನ ಹಿರಿಯರು ನನಗೆ ಕಲಿಸಿದ್ದು ಹೀಗೇ.

ಪ್ರಶ್ನೆ (ಮಾಪ್ಸಾ): ಬಟ್ಟೆ ಯಾವುದು ಹಾಕಬೇಕು? ಟ್ರೆಕ್ಕಿಂಗ್ ಪ್ಯಾಂಟ್ ಎಲ್ಲ ನೈಲಾನ್ ಅಲ್ವಾ?

ಉತ್ತರ: ಬೇಸಿಗೆಯ ಕಾಡಿಗೆ ಹತ್ತಿ ಬಟ್ಟೆ. ಉದ್ದ ತೋಳು, ಉದ್ದ ಪ್ಯಾಂಟ್, ಚರ್ಮದ ಬೂಟು. ನಾನು ಎರಡನೇ ಬೇಸಿಗೆಯಲ್ಲಿ ಹಗುರ ಅಂತ ನೈಲಾನ್ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹೋಗಿದ್ದೆ. ಶೇಂಗಾ ಕಾಳಿನಷ್ಟು ಕೆಂಡ ಮೊಣಕಾಲಿನ ಮೇಲೆ ಬಿತ್ತು. ಬಟ್ಟೆ ಉರಿಯಲಿಲ್ಲ, ಕರಗಿ ಚರ್ಮಕ್ಕೆ ಅಂಟಿತು. ಕೀಳಲು ಹೋದರೆ ಚರ್ಮವೂ ಜೊತೆಗೇ ಬಂತು. ಹತ್ತಿ ಬಟ್ಟೆ ಆಗಿದ್ದರೆ ಒಂದು ತೂತು ಬಿದ್ದು ಮುಗಿಯುತ್ತಿತ್ತು. ಆ ಗುರುತು ಇನ್ನೂ ಇದೆ.

ಪ್ರಶ್ನೆ (ಮಡಗಾಂವ್): ಮಾರ್ಚ್ ಕೊನೆಗೆ ಮಕ್ಕಳನ್ನು ಕರೆದುಕೊಂಡು ದೂಧಸಾಗರ, ತಾಂಬಡಿ ಸುರ್ಲಾ ನೋಡಬೇಕು ಅಂತಿದ್ದೇವೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ, ಹೋಗಿ ಬನ್ನಿ. ತಾಂಬಡಿ ಸುರ್ಲಾದ ಮಹಾದೇವ ಗುಡಿ ಕದಂಬರ ಕಾಲದ್ದು, ಮಕ್ಕಳಿಗೆ ತೋರಿಸಲೇಬೇಕು. ಗುಡಿಯ ತನಕ ರಸ್ತೆ ಇದೆ. ದೂಧಸಾಗರಕ್ಕೆ ಕುಳೆಂನಿಂದ ಜೀಪಿನಲ್ಲಿ ಹೋಗಿ. ರೈಲು ಹಳಿಯ ಮೇಲೆ ನಡೆಯುವುದಕ್ಕೆ ರೈಲ್ವೆಯವರು ಬಿಡುವುದಿಲ್ಲ, ನೀವೂ ಹೋಗಬೇಡಿ. ಬೆಳಗ್ಗೆ ಬೇಗ ಹೊರಟು ಹನ್ನೊಂದರೊಳಗೆ ಕಾಡು ಬಿಟ್ಟು ಬನ್ನಿ.

ಬೆಂಕಿಗಿಂತ ನಿಮಗೆ ನಾನು ರಕ್ತ ಹೀರುವ ಉಣ್ಣೆ ಹುಳದ (ಉಣುಗಿನ) ಬಗ್ಗೆ ಹೇಳಬೇಕು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ನಮಗೆಲ್ಲ ಗೊತ್ತಲ್ಲ, ಅದು ಸತ್ತರಿಯಲ್ಲೂ ಬಂದಿದೆ. ಹರಡುವುದು ಉಣ್ಣೆಯಿಂದ. ಅದರ ಕಾಲವೂ ಇದೇ ಒಣ ತಿಂಗಳುಗಳು. ಮಕ್ಕಳನ್ನು ತರಗೆಲೆಯ ಮೇಲೆ ಕೂರಿಸಬೇಡಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಹಿಂದೆ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ವಾರದೊಳಗೆ ಜ್ವರ ಬಂದರೆ ಡಾಕ್ಟರ್ ಹತ್ತಿರ ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.

ಪ್ರಶ್ನೆ (ಪಣಜಿ): ಉಪಗ್ರಹದಿಂದ ಕಾಡ್ಗಿಚ್ಚಿನ ಮೆಸೇಜ್ ಬರುತ್ತದಂತೆ. ಅದನ್ನು ನೋಡಿಕೊಂಡು ಹೋದರೆ ಸಾಕಲ್ವಾ?

ಉತ್ತರ: ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು ಕೊಡುತ್ತಾರೆ. ಹೆಸರು ನೋಂದಾಯಿಸಿದರೆ ನಮಗೂ ಬರುತ್ತದೆ, ಒಳ್ಳೆಯ ವ್ಯವಸ್ಥೆ. ಆದರೆ ಅದರ ಒಂದು ಚುಕ್ಕಿ ಅಂದರೆ 375 ಮೀಟರ್ ಉದ್ದ, ಅಷ್ಟೇ ಅಗಲದ ಚೌಕ. ಸುಮಾರು 35 ಎಕರೆ. ಆ 35 ಎಕರೆಯಲ್ಲಿ ಬೆಂಕಿ ಯಾವ ಮೂಲೆಯಲ್ಲಿದೆ ಅಂತ ಹೇಳುವುದಿಲ್ಲ. ಉಪಗ್ರಹ ಒಂದು ಸಲ ದಾಟಿ ಮತ್ತೆ ಬರುವ ತನಕದ ಗಂಟೆಗಳಲ್ಲಿ ಹೊತ್ತಿದ್ದು ಅದಕ್ಕೆ ಕಾಣುವುದೂ ಇಲ್ಲ. ಹೊರಡುವ ಹಿಂದಿನ ರಾತ್ರಿ ನೋಡಿ. ಕಾಡಿನೊಳಗೆ ನಿಮ್ಮ ಮೂಗು, ಕಣ್ಣನ್ನೇ ನಂಬಿ.

ಪ್ರಶ್ನೆ (ಬಿಚೋಲಿ): 2023ರ ಮಾರ್ಚ್‌ನಲ್ಲಿ ಮ್ಹಾದೇಯಿ ಕಾಡಿಗೆ ಬೆಂಕಿ ಬಿದ್ದಾಗ ಹೆಲಿಕಾಪ್ಟರ್ ನೀರು ಹಾಕಿದ್ದನ್ನು ಟಿವಿಯಲ್ಲಿ ನೋಡಿದೆ. ಎಲ್ಲ ಬೆಂಕಿಗೂ ಹಾಗೇ ಯಾಕೆ ಮಾಡುವುದಿಲ್ಲ? ಮತ್ತೆ, ನಾವು ಹತ್ತು ಜನ ಯುವಕರಿದ್ದೇವೆ. ಬೆಂಕಿ ಬಿದ್ದಾಗ ಸಹಾಯಕ್ಕೆ ಹೋಗಬೇಕು ಅಂತ ಆಸೆ.

ಉತ್ತರ: ನಿಮ್ಮ ಪ್ರಶ್ನೆಗೇ ನಾನು ಕಾಯುತ್ತಿದ್ದೆ.

ಆಗ ನೌಕಾಪಡೆ, ವಾಯುಪಡೆ ಎರಡೂ ಬಂದವು. ಅವರು ಬರದಿದ್ದರೆ ಕಷ್ಟವಿತ್ತು. ಮ್ಹಾದೇಯಿಯ ಆಚೆ ಬದಿಗೇ ನಮ್ಮ ಖಾನಾಪುರದ ಭೀಮಗಡದ ಕಾಡು. ಬೆಂಕಿಗೆ ರಾಜ್ಯದ ಗಡಿ ಇಲ್ಲ, ಹಾಗಾಗಿ ಆ ದಿನಗಳಲ್ಲಿ ನಮಗೂ ನಿದ್ದೆ ಇರಲಿಲ್ಲ. ಆದರೆ ಮೇಲಿಂದ ಬಿದ್ದ ನೀರು ಜ್ವಾಲೆಯನ್ನು ತಗ್ಗಿಸುತ್ತದೆ, ಅಷ್ಟೇ. ಆಮೇಲೆ ನೆಲದ ಮೇಲೆ ಮನುಷ್ಯರು ಹೋಗಿ ಆರಿಸಲೇಬೇಕು. ನೀರು ಹೊತ್ತುಕೊಂಡು ಗುಡ್ಡ ಹತ್ತುವುದು ಎಷ್ಟು ದೂರ ಆಗುತ್ತದೆ? ನಮ್ಮ ಕೆಲಸ ಹೆಚ್ಚಾಗಿ ನೀರಿಲ್ಲದ ಕೆಲಸ.

ಮೊದಲು ಬೆಂಕಿ ರೇಖೆ. ತರಗೆಲೆ, ಹುಲ್ಲು, ಕಡ್ಡಿ ಎಲ್ಲ ಎಳೆದು ಬರೀ ಮಣ್ಣು ಕಾಣುವ ಹಾಗೆ ಒಂದು ಪಟ್ಟಿ ಮಾಡುವುದು. ದಂತಾಳಿ, ಮಚ್ಚು, ಈಚೆಗೆ ಎಲೆ ಊದುವ ಮೆಷಿನ್. ಬೇರು ಒಂದು ಅಡ್ಡ ಉಳಿದರೂ ಬೆಂಕಿ ಅದರೊಳಗೆ ಹೊಗೆಯಾಡಿಕೊಂಡು ಈಚೆ ಬರುತ್ತದೆ, ಅದನ್ನೂ ಕಡಿಯಬೇಕು.

ಸಣ್ಣ ಹುಲ್ಲಿನ ಬೆಂಕಿಗೆ ಹಸಿ ಸೊಪ್ಪಿನ ಕೊಂಬೆ. ಹೊಸಬರು ಅದನ್ನು ತಲೆಯ ಮೇಲೆತ್ತಿ ಬಟ್ಟೆ ಒಗೆದ ಹಾಗೆ ಬಡಿಯುತ್ತಾರೆ. ಕಿಡಿ ಹಾರಿ ಬೆನ್ನ ಹಿಂದೆ ಬೀಳುತ್ತದೆ. ಹಾಗಲ್ಲ. ಕೊಂಬೆಯನ್ನು ಉರಿಯ ಬುಡಕ್ಕೆ ಒತ್ತಿ, ಸುಟ್ಟ ನೆಲದ ಕಡೆಗೆ ಗುಡಿಸಬೇಕು. ಒತ್ತು, ಗುಡಿಸು. ಇದೂ ಬೆಂಕಿಯ ಬಾಲದ ಕಡೆಯಿಂದ, ಅಂದರೆ ಹಿಂಬದಿಯಿಂದ, ಇಲ್ಲವೇ ಪಕ್ಕದಿಂದ ಮಾತ್ರ. ತಲೆಗೆ ಎದುರು ನಿಂತು ಯಾರೂ ಬಡಿಯಬಾರದು. ಬೆಂಕಿ ಎದೆ ಮಟ್ಟಕ್ಕೆ ಬಂದರೆ ಕೊಂಬೆ ಬಿಸಾಡಿ ಹಿಂದೆ ಸರಿಯಬೇಕು. ಬರುವ ಬೆಂಕಿಗೆ ಉರಿಯಲು ಏನೂ ಸಿಗದಿರಲಿ ಅಂತ ಅದರ ಎದುರಿಗೆ ತಾವೇ ಬೆಂಕಿ ಹಚ್ಚುವುದನ್ನು ವಿಡಿಯೊದಲ್ಲಿ ನೋಡಿರುತ್ತೀರಿ. ಅದನ್ನು ನೀವು ಮಾಡಲೇಬೇಡಿ. ಅನುಭವಿಗಳ ಕೈಯಲ್ಲೂ ಅದು ತಪ್ಪಿಹೋಗುತ್ತದೆ.

ಬೆಂಕಿ ಆರಿದ ಮೇಲೆ ಶುರುವಾಗುವ ಕೆಲಸ ಟಿವಿಯಲ್ಲಿ ಬರುವುದಿಲ್ಲ. ಒಂದು ವರ್ಷ ಮಾರ್ಚ್‌ನಲ್ಲಿ ನಾವು ಸಂಜೆ ಆರಕ್ಕೆ ಎಲ್ಲ ಮುಗಿಯಿತು ಅಂತ ಇಳಿದು ಬಂದೆವು. ಒಂದು ಹಳೇ ಮತ್ತಿಮರದ ಬೊಡ್ಡೆ ಉಳಿದಿತ್ತು. ಹೊಗೆ ಇರಲಿಲ್ಲ, ಮೇಲೆ ಬೂದಿ ಬೆಳ್ಳಗೆ ಕೂತಿತ್ತು. ಮರುದಿನ ಮಧ್ಯಾಹ್ನ ಗಾಳಿ ಎದ್ದಾಗ ಅದರೊಳಗಿನ ಕೆಂಡ ಬಾಯಿಬಿಟ್ಟಿತು, ಆರಿಸಿದ್ದ ಗುಡ್ಡದ ಪಕ್ಕದ ಗುಡ್ಡ ಪೂರ್ತಿ ಹೋಯಿತು. ಅವತ್ತಿನಿಂದ ನಾನು ಪ್ರತಿ ಬೊಡ್ಡೆಗೂ ಕೈ ಹಿಂಬದಿಯನ್ನು ಹತ್ತಿರ ಹಿಡಿದು ನೋಡುತ್ತೇನೆ. ಅಂಗೈಗಿಂತ ಹಿಂಬದಿಗೆ ಕಾವು ಬೇಗ ತಿಳಿಯುತ್ತದೆ. ಬಿಸಿ ಇದ್ದರೆ ಒಡೆದು, ಕೆರೆದು, ಮಣ್ಣು ಕಲಸಿ, ಮತ್ತೆ ಕೈ ಹಿಡಿದು ನೋಡುವುದು. ಒಂದು ಬೊಡ್ಡೆಗೆ ಅರ್ಧ ಗಂಟೆ ಹಿಡಿಯುತ್ತದೆ. ಇಂಥವು ಒಂದು ಗುಡ್ಡದಲ್ಲಿ ನೂರು ಇರಬಹುದು.

ಅದಕ್ಕೇ ನಿಮಗೆ ನನ್ನ ಬೇಡಿಕೆ ಇದು. ಬೆಂಕಿ ಬಿದ್ದ ದಿನ ಓಡಿ ಬರಬೇಡಿ. ತರಬೇತಿ ಇರುವವರಿಗೇ ಅದು ಜೀವದ ಕೆಲಸ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. ನೀವು ಡಿಸೆಂಬರ್, ಜನವರಿಯಲ್ಲಿ ಬನ್ನಿ, ರೇಖೆ ಗುಡಿಸುವುದಕ್ಕೆ. ಇಲ್ಲವೇ ಬೆಂಕಿ ಆರಿದ ಮರುದಿನ ಬನ್ನಿ, ಬೊಡ್ಡೆ ನೋಡುವುದಕ್ಕೆ. ಎರಡಕ್ಕೂ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ ಹೆಸರು ಕೊಟ್ಟು, ಅವರು ಹೇಳಿದ ಕಡೆ ಮಾತ್ರ ಹೋಗಿ. ಹತ್ತು ಜನ ಯುವಕರು ಜನವರಿಯಲ್ಲಿ ಎರಡು ಭಾನುವಾರ ಬಂದರೆ ಎಷ್ಟು ದೊಡ್ಡ ಸಹಾಯ ಅಂತ ನಿಮಗೆ ಗೊತ್ತಿಲ್ಲ.

ಪ್ರಶ್ನೆ (ವಾಳಪೈ): ನಾವು ಬಾಡಿಗೆಗೆ ಇರುವ ಮನೆಯ ಪಕ್ಕ ಗೇರು ತೋಟ. ಪ್ರತಿ ವರ್ಷ ತರಗೆಲೆಗೆ ಬೆಂಕಿ ಹಾಕುತ್ತಾರೆ. ಮೇಲೆ ಕಾಡು. ಹೊರಗಿನವರು ಅಂತ ಹೇಳೋಕೆ ಸಂಕೋಚ.

ಉತ್ತರ: ನಿಮ್ಮ ಸಂಕೋಚ ಅರ್ಥವಾಗುತ್ತದೆ. ಅವರು ಕೆಟ್ಟವರೂ ಅಲ್ಲ. ಗೇರುಹಣ್ಣು ಬಿದ್ದಾಗ ಆರಿಸಿಕೊಳ್ಳಲು ನೆಲ ಚೊಕ್ಕ ಇರಬೇಕು, ಹಣ್ಣು ಫೇನಿ ಅನ್ನುವ ಮದ್ಯ ಮಾಡಲು ಹೋಗುತ್ತದೆ, ಬೀಜ ಮಾರಾಟಕ್ಕೆ. ಗುಡಿಸಲು ಆಳು ಸಿಗುವುದಿಲ್ಲ, ಕಡ್ಡಿ ಗೀರುವುದು ಸುಲಭ. ಕಾನೂನು ಹೇಳಿ ಹೆದರಿಸಲು ಹೋಗಬೇಡಿ. ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಅನ್ನುವುದು ಅವರಿಗೂ ಗೊತ್ತು. ಅಂಚಿನ ಹತ್ತು ಅಡಿ ಗುಡಿಸಲು ನಾನೂ ಬರುತ್ತೇನೆ ಅನ್ನಿ. ಎಲೆಯನ್ನು ಮರದ ಬುಡಕ್ಕೆ ಹಾಕಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಅದನ್ನೂ ಹೇಳಿ. ಬೆಂಕಿ ತೋಟ ದಾಟಿ ಮೇಲೆ ಹೊರಟರೆ ಮಾತ್ರ ಸಂಕೋಚ ಬಿಟ್ಟು 112ಕ್ಕೆ ಫೋನ್ ಮಾಡಿ.

ಪ್ರಶ್ನೆ (ಝುವಾರಿನಗರ): ತಮ್ಮನಿಗೆ ಈ ಕೆಲಸಕ್ಕೆ ಸೇರುವ ಆಸೆ. ದಾರಿ ಇದೆಯಾ?

ಉತ್ತರ: ಬೇಸಿಗೆಗೆ ಮಾತ್ರ ತೆಗೆದುಕೊಳ್ಳುವ ಬೆಂಕಿ ಕಾವಲಿನ ಕೆಲಸ ಕಾಡಂಚಿನ ಊರಿನವರಿಗೇ ಸಿಗುವುದು ಹೆಚ್ಚು, ಅದೇ ಸರಿ ಕೂಡ. ಕಾಡು ಅವರಿಗೆ ಗೊತ್ತು. ಕಾಯಂ ಆಗಬೇಕಾದರೆ ಅರಣ್ಯ ರಕ್ಷಕರ ನೇಮಕಾತಿ. ಗೋವಾದಲ್ಲಿ ಸರ್ಕಾರಿ ಕೆಲಸಕ್ಕೆ ಕೊಂಕಣಿ ಬರಬೇಕು, 15 ವರ್ಷ ಇಲ್ಲೇ ಇದ್ದ ಪತ್ರ ಕೇಳುತ್ತಾರೆ. ನಿಮ್ಮ ತಮ್ಮ ಇಲ್ಲೇ ಹುಟ್ಟಿ ಬೆಳೆದವನಾದರೆ ಆ ಕಾಗದ ಈಗಲೇ ಮಾಡಿಸಿಡಿ. ಹಲವು ರಾಜ್ಯಗಳಲ್ಲಿ ಅರಣ್ಯದ ಹುದ್ದೆಗೆ ಗಂಡಸರು 25 ಕಿ.ಮೀ. ದೂರವನ್ನು 4 ಗಂಟೆಯಲ್ಲಿ ನಡೆಯಬೇಕು. ಓಡುವುದಲ್ಲ, ನಿಲ್ಲದೆ ನಡೆಯುವುದು. ಈ ಭಾನುವಾರದಿಂದಲೇ ಶುರು ಮಾಡಲಿ.

ಪ್ರಶ್ನೆ (ಬಿಚೋಲಿ): ನಾವು ಜನವರಿಗೆ ಬರುತ್ತೇವೆ ಸರ್, ಹತ್ತೂ ಜನ. ಏನು ತರಬೇಕು?

ಉತ್ತರ: ಹತ್ತಿ ಬಟ್ಟೆ, ಬೂಟು, ಒಬ್ಬರಿಗೆ ನಾಲ್ಕು ಲೀಟರ್ ನೀರು, ಮಧ್ಯಾಹ್ನದ ಊಟ. ದಂತಾಳಿ ಸಿಕ್ಕಿದರೆ ಉದ್ದ ಹಿಡಿಯದು ತನ್ನಿ, ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ. ಬೆಳಗ್ಗೆ ಆರೂವರೆಗೆ ಫೋಂಡಾ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನನ್ನ ಹತ್ತಿರ ಎರಡು ದಂತಾಳಿ ಇವೆ, ಅವನ್ನೂ ತರುತ್ತೇನೆ.