ಮಗನಿಗೆ ಆಟಿಸಂ: ಸರ್ಕಾರಿ ಸೌಲಭ್ಯ ಮತ್ತು ವಿಮೆಗೆ ಬೆಂಗಳೂರಿನಲ್ಲಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ರಾಜಾಜಿನಗರದ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಈಗ ನಾಲ್ಕು ವರ್ಷ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಎರಡನೆಯ ವರ್ಷದಲ್ಲಿ ಆಡುತ್ತಿದ್ದ ಐದಾರು ಮಾತುಗಳೂ ನಿಂತುಹೋಗಿವೆ. ಕಳೆದ ತಿಂಗಳು ಮಕ್ಕಳ ಮನೋವೈದ್ಯರು ಇದು ಆಟಿಸಂ ಎಂದು ಖಚಿತಪಡಿಸಿದರು. ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿ, ಎರಡು ದಿನ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಕಲಿಸುವ ತರಬೇತಿ) ಆರಂಭಿಸಿದ್ದೇವೆ. ಅದರ ಖರ್ಚು ನಮ್ಮ ಮನೆ ಬಾಡಿಗೆಯನ್ನೂ ಮೀರುತ್ತಿದೆ. ನಮ್ಮ ಯಜಮಾನರ ಕಂಪನಿಯ ಆರೋಗ್ಯ ವಿಮೆಗೆ ಬಿಲ್ಲುಗಳನ್ನು ಕಳುಹಿಸಿದಾಗ, ಆಸ್ಪತ್ರೆಗೆ ದಾಖಲಾಗದೆ ಪಡೆದ ಚಿಕಿತ್ಸೆಗೆ ಹಣ ಬರುವುದಿಲ್ಲವೆಂದು ಒಂದೇ ಸಾಲಿನ ಉತ್ತರ ಬಂತು. ನಮ್ಮದು ಎಪಿಎಲ್ ಕುಟುಂಬ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿಸಿದರೆ ಮಗುವಿಗೆ ಜೀವನಪೂರ್ತಿ ಹಣೆಪಟ್ಟಿ ಅಂಟಿಕೊಳ್ಳುತ್ತದೆ ಎಂದು ನಮ್ಮ ಅತ್ತೆಯವರು ಹೆದರುತ್ತಾರೆ, ಆ ಭಯ ನನಗೂ ಇದೆ. ಈ ದಾರಿಯಲ್ಲಿ ಮೊದಲೇ ನಡೆದವರು ದಯವಿಟ್ಟು ತಿಳಿಸಿ.

ಉತ್ತರ: ಜಯನಗರದ ತಂದೆ

ನನ್ನ ಮಗಳಿಗೆ ಈಗ ಹನ್ನೊಂದು ವರ್ಷ. ನಿಮ್ಮ ಅತ್ತೆಯವರ ಮಾತನ್ನೇ ಅಂದು ನನ್ನ ತಾಯಿಯೂ ಆಡಿದ್ದರು, ಆ ಕಾರಣಕ್ಕೆ ನಾವು ಎರಡು ವರ್ಷ ಕಳೆದುಕೊಂಡೆವು. ನೀವು ಕಳೆದುಕೊಳ್ಳಬೇಡಿ. ಆ ಪ್ರಮಾಣಪತ್ರ ನಿಮ್ಮ ಕೈಯಲ್ಲೇ ಇರುತ್ತದೆ. ಸೌಲಭ್ಯ ಕೇಳುವಾಗ ನೀವಾಗಿ ತೋರಿಸಿದರೆ ಮಾತ್ರ ಅದು ಮತ್ತೊಬ್ಬರಿಗೆ ಕಾಣುತ್ತದೆ.

1995ರ ಹಳೆಯ ಕಾಯ್ದೆಯ ಏಳು ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಆಟಿಸಂ ಅನ್ನೂ ಸೇರಿಸಿದ್ದರಿಂದ ನಮ್ಮ ಮಕ್ಕಳಿಗೂ ಕಾನೂನಿನ ಬಲ ಬಂದಿದೆ. ಆದರೆ ಹೆಚ್ಚಿನ ಸೌಲಭ್ಯಗಳು ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ನಮೂದಾದ ಪ್ರಮಾಣಪತ್ರವನ್ನೇ ಕೇಳುತ್ತವೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಮಗುವಿನ ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಮತ್ತು ವೈದ್ಯರ ವರದಿಯೊಂದಿಗೆ ಪ್ರಮಾಣಪತ್ರಕ್ಕೂ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೂ ಅರ್ಜಿ ಹಾಕಿದರೆ, ನೀವು ಆಯ್ದುಕೊಂಡ ಸರ್ಕಾರಿ ಆಸ್ಪತ್ರೆಗೆ ಅದು ಹೋಗುತ್ತದೆ. ಆಟಿಸಂನ ಪ್ರಮಾಣವನ್ನು ಅಳೆಯಲು ನಮ್ಮ ದೇಶದಲ್ಲೇ ಸಿದ್ಧಪಡಿಸಿದ ಐಎಸ್‌ಎಎ ಎಂಬ 40 ಅಂಶಗಳ ಮಾಪಕವಿದೆ. ಮನಃಶಾಸ್ತ್ರಜ್ಞರು ಮಗುವನ್ನು ಗಮನಿಸುತ್ತಾ ತಂದೆತಾಯಿಯರನ್ನು ಪ್ರಶ್ನಿಸುತ್ತಾರೆ. ಒಟ್ಟು ಅಂಕ 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಟಿಸಂ ಎಂದು ಪರಿಗಣಿಸುತ್ತಾರೆ.

ನಾವು ಹೋದ ದಿನ ನನ್ನ ಮಗಳು ಕಾದೂ ಕಾದೂ ನಿದ್ದೆ ಹೋಗಿದ್ದಳು. ಮಗು ಶಾಂತವಾಗಿದೆಯಲ್ಲ ಎಂದು ಅಲ್ಲಿದ್ದವರು ನಮ್ಮನ್ನು ವಾಪಸು ಕಳುಹಿಸಿದರು. ಎರಡನೆಯ ಬಾರಿ, ಮನೆಯಲ್ಲಿ ಅವಳು ನಡೆದುಕೊಳ್ಳುವ ರೀತಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಥೆರಪಿಸ್ಟರ ವರದಿಯನ್ನೂ ಜೊತೆಗಿಟ್ಟುಕೊಂಡು ಹೋದೆವು. ನೀವು ಮೊದಲ ಬಾರಿಗೇ ಹಾಗೆ ಹೋಗಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ನಿಗದಿತ ಅವಧಿಯ ಪ್ರಮಾಣಪತ್ರ ಕೊಡುತ್ತಾರೆ. ಅವಧಿ ಮುಗಿಯುವ ಮುನ್ನವೇ ಮರುಪರೀಕ್ಷೆಗೆ ಹೆಸರು ಬರೆಸಿ.

ಉತ್ತರ: ಹೆಬ್ಬಾಳದ ತಾಯಿ

ವಿಮೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಆಟಿಸಂ ಇರುವ ಮಗುವಿನ ನಿಜವಾದ ಖರ್ಚು ಥೆರಪಿಯದು, ಸಾಮಾನ್ಯ ಆರೋಗ್ಯ ವಿಮೆ ಇರುವುದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ನಿಮ್ಮ ಬಿಲ್ಲುಗಳು ತಿರಸ್ಕೃತವಾದದ್ದಕ್ಕೆ ಅದೇ ಕಾರಣ. ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಪಿಎಲ್ ಕುಟುಂಬಕ್ಕೆ, ಚಿಕಿತ್ಸೆಗೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ, ಆದರೆ ಅದೂ ವಾರವಾರದ ಥೆರಪಿಗೆ ನೆರವಾಗುವುದಿಲ್ಲ.

ಥೆರಪಿಯನ್ನು ಹೆಸರಿಸಿಯೇ ಒಳಗೊಂಡಿರುವುದು ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಆರೋಗ್ಯ ವಿಮಾ ಯೋಜನೆ. ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದ್ದು, ಅದರೊಳಗೆ ಥೆರಪಿ, ಹೊರರೋಗಿ ಚಿಕಿತ್ಸೆ ಮತ್ತು ಆಸ್ಪತ್ರೆ ವೆಚ್ಚಕ್ಕೆ ಪ್ರತ್ಯೇಕ ಮಿತಿಗಳಿವೆ. ವಯಸ್ಸಿನ ಮಿತಿಯಿಲ್ಲ, ಸೇರುವ ಮುನ್ನ ವೈದ್ಯಕೀಯ ಪರೀಕ್ಷೆಯೂ ಇಲ್ಲ. ಹೊಸ ನೋಂದಣಿಗೆ ಎಪಿಎಲ್ ಕುಟುಂಬಕ್ಕೆ 500 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ 250 ರೂಪಾಯಿ. ಥೆರಪಿಗೆ ಸಿಗುವ ಮೊತ್ತದಿಂದ ನಿಮ್ಮ ವರ್ಷದ ಖರ್ಚು ತೀರುವುದಿಲ್ಲ, ಆದರೂ ಅದನ್ನು ಬಿಡುವುದು ಸರಿಯಲ್ಲ. ಪಾಲಿಸಿ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಏಪ್ರಿಲ್‌ನಲ್ಲೇ ಸೇರಿದರೆ ಪೂರ್ಣ ವರ್ಷದ ಲಾಭ ಸಿಗುತ್ತದೆ. ಮೊದಲು ನೀವು ಪಾವತಿಸಿ, ವೈದ್ಯರ ಚೀಟಿ ಮತ್ತು ಮೂಲ ಬಿಲ್ಲುಗಳೊಂದಿಗೆ ಕ್ಲೇಮ್ ಮಾಡಬೇಕು.

ಯಜಮಾನರ ಕಂಪನಿಯ ಎಚ್‌ಆರ್ ವಿಭಾಗಕ್ಕೂ ಒಂದು ಪತ್ರ ಬರೆಯಿರಿ. ಗುಂಪು ವಿಮೆಯ ನವೀಕರಣದ ಹೊತ್ತಿಗೆ ಹೊರರೋಗಿ ಥೆರಪಿಯನ್ನು ಸೇರಿಸಿಕೊಳ್ಳಲು ಕಂಪನಿಗೆ ಅವಕಾಶವಿರುತ್ತದೆ. ಯಾರೂ ಕೇಳದಿದ್ದರೆ ಸೇರಿಸುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಾದರೆ, ಪ್ರಮಾಣಪತ್ರದ ಆಧಾರದ ಮೇಲೆ ಆದಾಯದಿಂದ 75,000 ರೂಪಾಯಿ ಕಡಿತ ದೊರೆಯುತ್ತದೆ. ಅಂಗವೈಕಲ್ಯ ಶೇ. 80 ಅಥವಾ ಹೆಚ್ಚಿದ್ದರೆ ಅದು 1,25,000 ರೂಪಾಯಿ.

ಉತ್ತರ: ನಿವೃತ್ತ ವಿಶೇಷ ಶಿಕ್ಷಕಿ, ಮಲ್ಲೇಶ್ವರ

ಅಮ್ಮಾ, ಕಾಗದಪತ್ರದ ಓಡಾಟದಲ್ಲಿ ಥೆರಪಿಯನ್ನು ಒಂದು ವಾರವೂ ನಿಲ್ಲಿಸಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಖಾಸಗಿ ಅವಧಿಗಳಲ್ಲಿ ಒಂದೆರಡನ್ನು ಕಡಿಮೆ ಮಾಡಬೇಕಾಗಿ ಬಂದರೆ, ಉಳಿದ ಅವಧಿಗಳಲ್ಲಿ ನೀವೂ ಪಕ್ಕದಲ್ಲೇ ಕುಳಿತು ಕಲಿತುಕೊಂಡು, ಊಟ ಮಾಡಿಸುವಾಗ, ಸ್ನಾನ ಮಾಡಿಸುವಾಗ ಅದನ್ನೇ ಮಾಡಿಸಿ. ನಾನು ಕಲಿಸಿದ ಮಕ್ಕಳಲ್ಲಿ ಹಲವರ ಮೊದಲ ಮಾತು ಬಂದದ್ದು ಅಡುಗೆಮನೆಯಲ್ಲಿ.

ಆರು ವರ್ಷ ತುಂಬಿದ ಮೇಲೆ, ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿರುವ ಮಗುವಿಗೆ 18ರವರೆಗೆ ಹತ್ತಿರದ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ಕಾಯ್ದೆಯೇ ಕೊಟ್ಟಿದೆ. ಈಗಲೇ ನಿಮ್ಮ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ, ಸಮನ್ವಯ ಶಿಕ್ಷಣದ (ಇಂಥ ಮಕ್ಕಳಿಗೆ ಸಾಮಾನ್ಯ ಶಾಲೆಯಲ್ಲೇ ಕಲಿಸುವ ವ್ಯವಸ್ಥೆಯ) ಸಂಪನ್ಮೂಲ ಶಿಕ್ಷಕರನ್ನು ಪರಿಚಯ ಮಾಡಿಕೊಳ್ಳಿ.

ರಾಜಾಜಿನಗರದ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ರಾತ್ರಿಯೇ ಯುಡಿಐಡಿ ಅರ್ಜಿ ಹಾಕುತ್ತೇವೆ. ಮಗನ ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ, ವೈದ್ಯರ ವರದಿಯಲ್ಲಿ ಇದೆ. ಇದರಿಂದ ತೊಂದರೆಯಾಗುತ್ತದೆಯೇ?

ಹೆಬ್ಬಾಳದ ತಾಯಿ

ಆಗಬಹುದು. ವರದಿಯಲ್ಲೂ ಮುಂದಿನ ಎಲ್ಲ ಬಿಲ್ಲುಗಳಲ್ಲೂ ಆಧಾರ್‌ನಲ್ಲಿರುವಂತೆಯೇ ಹೆಸರು ಬರೆಸಿಕೊಂಡು, ಆಮೇಲೆ ಅರ್ಜಿ ಹಾಕಿ.